ಕೋಡಿಗೆ ಮೂಟೆ ಹಾಕಿದ ಊರು

ನೀರು ಇಲ್ಲದಿದ್ದರೆ ಹೇಗೆ ಬದುಕಬೇಕು ಅಂತ ನಮ್ಮೂರಿನ ಜನಕ್ಕೆ ಚೆನ್ನಾಗಿ ಗೊತ್ತು. ನೀರು ಬಂದರೆ ಏನು ಮಾಡಬೇಕು ಅಂತ ಮಾತ್ರ ಗೊತ್ತಿಲ್ಲ. ಯಾರ ಮನಸ್ಸನ್ನೂ ನೋಯಿಸಬೇಕು ಅಂತ ಈ ಮಾತು ಹೇಳುತ್ತಿಲ್ಲ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿ, ಈಗ ಎಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ.

ನನ್ನ ಹೆಸರು ಇಂದ್ರಾಣಿ. ಊರು ನೇರಳಕುಂಟೆ, ಕೆಜಿಎಫ್ ಕಡೆಯ ಕ್ಯಾಸಂಬಳ್ಳಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಕೂತು ಬ್ಲೌಸು ಹೊಲಿಯುತ್ತೇನೆ, ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘ ನೋಡಿಕೊಳ್ಳುತ್ತೇನೆ. ನಮ್ಮದು ಕೆಳಗಿನ ಬೀದಿ. ಹಿತ್ತಲಲ್ಲಿ ನಿಂತು ತಲೆ ಎತ್ತಿದರೆ ಕೆರೆಯ ಏರಿ, ಏರಿಯ ಆಚೆ ಕೆರೆ. ನಾನು ಸೊಸೆಯಾಗಿ ಬಂದಾಗ ಆ ಕೆರೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಜಾಲಿ ಗಿಡ ಎದ್ದು, ಮೇಕೆ ಮೇಯಿಸುವವರಿಗೆ ಅದೇ ಕಾಡಾಗಿತ್ತು. ಕೆರೆ ಅಂತ ಬಾಯಲ್ಲಿ ಕರೆಯುತ್ತಿದ್ದೆವು ಅಷ್ಟೇ.

ಈಗೀಗ ಮಳೆಯ ಲೆಕ್ಕವೇ ಕೆಟ್ಟುಹೋಗಿದೆ. ರಾಗಿ ಬಿತ್ತಿ ಕಾದರೆ ಬರುವುದಿಲ್ಲ. ರಾಗಿ ಕೊಯ್ದು ಹೊಲದಲ್ಲಿ ಹಾಕಿದಾಗ ಬರುತ್ತದೆ. ಬಂದರೆ ತಿಂಗಳು ಪೂರ್ತಿ ಸುರಿಯಬೇಕಾದ್ದು ಒಂದೇ ಸಂಜೆ ಸುರಿದು ಹೋಗುತ್ತದೆ. ಹಾಗೆ ಸುರಿದ ಮಳೆಗೆ ಈ ಸಲ ನಮ್ಮ ಕೆರೆ ತುಂಬಿತು. ತುಂಬಿ ಕೋಡಿ ಹರಿಯಿತು.

ಕೋಡಿ ಅಂದರೆ ಗೊತ್ತಲ್ಲ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯ ಮೇಲೆ ಬೀಳದೆ ಪಕ್ಕದಿಂದ ಹೊರಗೆ ಹೋಗಲಿ ಅಂತ ಹಿಂದಿನವರು ಕಲ್ಲು ಕಟ್ಟಿ ಬಿಟ್ಟ ದಾರಿ. ನಮ್ಮ ಕೋಡಿ ನೀರು ಕೆಳಗಿನ ಬಂಡಪಲ್ಲಿಯ ಕೆರೆಗೆ ಹೋಗುತ್ತದೆ. ಕೋಡಿ ಹರಿದ ದಿನ ಊರಿಗೆ ಊರೇ ಓಡಿತು. ಗಂಗಮ್ಮನಿಗೆ ಪೂಜೆ ಆಯಿತು, ಬಾಗಿನ ಬಿಟ್ಟರು, ಮೇಕೆ ಕಡಿದರು, ಮೊಬೈಲಿನಲ್ಲಿ ವಿಡಿಯೋ ಮಾಡಿ ಊರು ಬಿಟ್ಟವರಿಗೆಲ್ಲ ಕಳಿಸಿದರು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಹೋಗಿ ನೋಡುತ್ತೇನೆ, ನಮ್ಮ ಮಾವ ಕೋದಂಡಪ್ಪ ಮತ್ತು ಅವರ ಜೊತೆಯವರು ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಕೋಡಿಗೆ ಅಡ್ಡ ಜೋಡಿಸುತ್ತಿದ್ದಾರೆ. ಮಾವನಿಗೆ ಕೆರೆ ಕೆಳಗೆ ಒಂದಿಷ್ಟು ಗದ್ದೆ ಇದೆ. ಜೊತೆಗಿದ್ದವರಿಗೂ ಇದೆ.

“ಮಾವ, ಏನಕ್ಕೆ ಮುಚ್ತಾ ಇದ್ದೀರ?”

“ನೀರು ಓಗ್ತಾ ಐತಲ್ಲಮ್ಮ.”

“ಕೋಡಿ ಇರೋದೇ ನೀರು ಓಗಕ್ಕೆ ಅಲ್ವಾ?”

“ಯಾರಿಗೆ ಓಗಕ್ಕೆ? ಬಂಡಪಲ್ಲಿಯೋರಿಗಾ? ಈ ಕೆರೆ ತುಂಬಿದ್ದು ನಾನು ಯಾವಾಗ ನೋಡಿದ್ದು ಏಳು ನೋಡಾಣ. ಬೋರು ಕೊರೆಸಿ ಕೊರೆಸಿ ನೆಲ ಜರಡಿ ಆಗೋಗೈತೆ. ಈಗ ಬಂದಿರೋದ್ರಲ್ಲಿ ಒಂದು ಚೊಂಬೂ ನಾನು ಆಚೆಗೆ ಬುಡಲ್ಲ.”

ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಇಷ್ಟು ವರ್ಷ ಹನಿ ಹನಿಗೂ ಬಾಯಿ ಬಿಟ್ಟವರು ನಾವು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವರು ನಾವು. ಹರಿಯುವ ನೀರು ಕಂಡರೆ ಕೈ ತಾನಾಗಿಯೇ ಅಡ್ಡ ಹೋಗುತ್ತದೆ. ಆದರೆ ಆ ನೀರು ನಿಂತಿರುವುದು ಎಲ್ಲಿ, ಅದರ ಕೆಳಗೆ ಮಲಗಿರುವವರು ಯಾರು ಅಂತ ಒಂದು ಕ್ಷಣ ಯೋಚನೆ ಮಾಡಬೇಡವೇ? ಹಿಂದೆ ಕೋಡಿ, ತೂಬು ನೋಡಿಕೊಳ್ಳುವುದಕ್ಕೆ ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಕೆರೆ ಒಣಗಿದ ಮೇಲೆ ನೀರಗಂಟಿಯ ಮನೆಯವರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದರು. ಈಗ ಕೋಡಿಗೆ ಯಜಮಾನರು ಎಲ್ಲರೂ.

ಮೂಟೆ ಸಾಲದು ಅಂತ ಅದರ ಮೇಲೆ ಬಲೆ ಬೇರೆ. ಆಂಡರ್ಸನ್‌ಪೇಟೆಯ ಸುಧಾಕರ್ ನಮ್ಮ ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದಾನೆ. ಮೀನು ಕೋಡಿ ಹಾರಿ ಹೋಗಬಾರದು ಅಂತ ಸಣ್ಣ ಕಣ್ಣಿನ ಬಲೆ ಕಟ್ಟಿದ. ಆ ಬಲೆಗೆ ಜೊಂಡು, ಪ್ಲಾಸ್ಟಿಕ್ ಕವರು, ಪೂಜೆಯ ಬಾಳೆಕಂದು ಎಲ್ಲ ಬಂದು ಮೆತ್ತಿಕೊಂಡಿತು. ಕೆಳಗೆ ಮೂಟೆ, ಮೇಲೆ ಬಲೆ. ಕೋಡಿ ಹೋಗಿ ಗೋಡೆ ಆಯಿತು.

ಆ ವಾರವೇ ಪ್ರೇರಣಾ ಮೇಡಂ ಬಂದರು. ಕೆರೆ, ಜಲಾನಯನ, ಹವಾಮಾನ ಅಂತ ಒಂದು ಯೋಜನೆ ನಡೆಯುತ್ತಿದೆಯಲ್ಲ, ಅದರವರು. ಅವರ ತಂದೆ ಕೆಜಿಎಫ್‌ನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಅಂತ ಹಾವೇರಿ ಕಡೆಯಿಂದ ಬಂದವರಂತೆ. ಒಳ್ಳೆ ಹುಡುಗಿ. ಆದರೆ ಸಭೆ ಕರೆದದ್ದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ.

ಬುಧವಾರ ಹನ್ನೊಂದು ಗಂಟೆಗೆ ನಮ್ಮ ಕೆಳಗಿನ ಬೀದಿಯಲ್ಲಿ ಇರುವುದು ಕೋಳಿ, ಮೇಕೆ ಮತ್ತು ನಾನು. ಮಿಕ್ಕವರೆಲ್ಲ ನಸುಕಿನಲ್ಲೇ ಎದ್ದು, ಮುದ್ದೆ ಕಟ್ಟಿಕೊಂಡು, ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿರುತ್ತಾರೆ. ಗಾರೆ ಕೆಲಸದವರು, ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವವರು, ಸೆಕ್ಯೂರಿಟಿಯವರು. ನನ್ನ ಗಂಡ ನರೇಶ್ ಕೂಡ ಅದೇ ರೈಲು. ಅವರೆಲ್ಲ ವಾಪಸ್ಸು ಬರುವ ಹೊತ್ತಿಗೆ ಯಾವ ಮೇಡಮ್ಮೂ ಊರಲ್ಲಿ ಇರುವುದಿಲ್ಲ.

ಸಭೆಗೆ ಬಂದವರು ಅರಳಿಕಟ್ಟೆಯ ಮೇಲೆ ದಿನಾ ಕೂರುವ ಹಿರಿಯರು, ಅಂಗನವಾಡಿ ಟೀಚರು, ಗ್ಯಾಸಿನ ವಿಷಯ ಇರಬೇಕು ಅಂತ ಬಂದ ಒಂದಿಬ್ಬರು ಹೆಂಗಸರು. ಮೇಡಂ ಎದ್ದು ನಿಂತು, “ಸಮುದಾಯದ ಸಹಭಾಗಿತ್ವ ಇಲ್ಲದೆ ಹವಾಮಾನ ವೈಪರೀತ್ಯ ಎದುರಿಸೋಕೆ ಆಗಲ್ಲ,” ಅಂದರು. ಹಿರಿಯರು ತಲೆ ಆಡಿಸಿದರು. ಯಾವುದಕ್ಕೆ ಬೇಕಾದರೂ ತಲೆ ಆಡಿಸುತ್ತಾರೆ ಅವರು.

ಮಾವ ಎದ್ದರು. “ಫೋಟೋ ಆಯ್ತಾ ಮೇಡಮ್ಮೋರೇ? ದನ ಬಿಸಿಲಲ್ಲಿ ಕಟ್ಟಿ ಬಂದಿದ್ದೀನಿ.”

“ಇನ್ನೂ ಕೋಡಿ ವಿಷಯ ಮಾತಾಡಿಲ್ಲ ಯಜಮಾನ್ರೇ. ಆ ಮೂಟೆ ತೆಗೀಬೇಕು.”

“ತೆಗೆಯಾಣ ಬುಡಿ,” ಅಂದು ಮಾವ ಹೊರಟೇ ಹೋದರು. ಅವರು ‘ತೆಗೆಯಾಣ ಬುಡಿ’ ಅಂದರೆ ತೆಗೆಯುವುದಿಲ್ಲ ಅಂತ ಅರ್ಥ. ಅದು ನನಗೆ ಗೊತ್ತು, ಮೇಡಮ್‌ಗೆ ಗೊತ್ತಿಲ್ಲ.

ಸಭೆ ಮುಗಿದ ಮೇಲೆ ನಾನು ಸುಮ್ಮನಿರಲಾಗದೆ ಕೇಳಿಯೇ ಬಿಟ್ಟೆ.

“ಮೇಡಂ, ನೀವು ಕೇಳಬೇಕಾದೋರು ಒಬ್ರೂ ಇಲ್ಲಿ ಬಂದಿಲ್ಲ.”

“ಯಾರು ಬಂದಿಲ್ಲ? ಊರಿಗೆಲ್ಲ ಡಂಗೂರ ಹೊಡೆಸಿದ್ದೀವಲ್ಲ?”

“ಏರಿ ಒಡೆದ್ರೆ ಕೊಚ್ಕೊಂಡು ಓಗೋರು ಬಂದಿಲ್ಲ. ಅವರು ಈಗ ಬೆಂಗಳೂರಲ್ಲಿ ಅವರೆ, ಭಾನುವಾರ ಮಾತ್ರ ಸಿಕ್ತಾರೆ. ಬಲೆ ಕಟ್ಟಿರೋನು ಬಂದಿಲ್ಲ, ಅವನು ಮೀನು ಮಾರ್ತಾ ಅವನೆ. ಬಂಡಪಲ್ಲಿಯೋರನ್ನ ನೀವು ಕರೆದೇ ಇಲ್ಲ. ಬಂದೋರಲ್ಲಿ ಅರ್ಧ ಜನ ಮೂಟೆ ಆಕಿರೋರೇ. ಅವರನ್ನೇ ಕೂರಿಸ್ಕೊಂಡು ಮೂಟೆ ತೆಗೀರಿ ಅಂದ್ರೆ ತೆಗೀತಾರಾ?”

ಮೇಡಮ್‌ಗೂ ರೇಗಿತು. “ನೀವು ಹೇಳೋದು ಸರಿ ಇಂದ್ರಾಣಿ ಅವರೇ, ಆದರೆ ನಾನೊಬ್ಬಳೇ ಎಷ್ಟು ಊರು ಸುತ್ತಲಿ? ಭಾನುವಾರ ಬನ್ನಿ ಅಂತೀರಿ. ಭಾನುವಾರ ನಮಗೂ ರಜೆ ಬೇಡವಾ?”

“ಕೆರೆಗೆ ರಜೆ ಐತಾ ಮೇಡಂ?”

ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡರು. ನನಗೂ ಸ್ವಲ್ಪ ಜಾಸ್ತಿ ಆಯಿತೇನೋ ಅನ್ನಿಸಿತು. ಕಾಫಿ ಕುಡಿದು ಹೋಗಿ ಅಂತ ಮನೆಗೆ ಕರೆದೆ. ಹಾಗೇ ಪಕ್ಕದ ಮನೆಗೂ ಕರೆದುಕೊಂಡು ಹೋದೆ.

ಪಕ್ಕದ ಮನೆ ಅಮ್ಮಾಜಮ್ಮನದು. ನಮ್ಮ ಮಾವನ ಅಕ್ಕ, ನಾನು ದೊಡ್ಡತ್ತೆ ಅನ್ನುತ್ತೇನೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಅವರು ಮಂಚ ಬಿಟ್ಟು ಎದ್ದಿಲ್ಲ. ಏರಿಯ ಬುಡಕ್ಕೆ ಅಂಟಿಕೊಂಡಂತೆ ಇರುವುದು ಅವರ ಮನೆಯೇ. ಹಿಂದಿನ ಗೋಡೆಯ ಪಕ್ಕದಲ್ಲೇ ಮಂಚ. ಮಾವ ದಿನಾ ಬೆಳಗ್ಗೆ ಅಕ್ಕನಿಗೆ ಕಾಫಿ ತಂದುಕೊಟ್ಟು, ಕುಡಿಯುವ ತನಕ ಪಕ್ಕದಲ್ಲೇ ಕೂತು, ಲೋಟ ತೆಗೆದುಕೊಂಡು ಹೋಗುತ್ತಾರೆ. ಹೆಂಡತಿ ಹೋದ ಮೇಲೆ ಅವರು ಮನಸ್ಸು ಬಿಚ್ಚಿ ಮಾತಾಡುವ ಜೀವ ಅದೊಂದೇ. ಮೂಟೆ ಹಾಕಿದ ದಿನಗಳಲ್ಲೂ ಆ ಕಾಫಿ ತಪ್ಪಿಲ್ಲ.

“ಗೋಡೆ ಬೆವೀತಾ ಐತೆ ಕಣಮ್ಮ,” ಅಂದರು ದೊಡ್ಡತ್ತೆ. “ನಾನು ಏಳಿದ್ರೆ ಯಾರು ಕೇಳ್ತಾರೆ.”

ಮೇಡಂ ಗೋಡೆ ಮುಟ್ಟಿ ನೋಡಿದರು. ಹಿತ್ತಲಿಗೆ ಹೋಗಿ ಏರಿಯ ಬುಡ ನೋಡಿದರು. ಅಲ್ಲಿ ಹುಲ್ಲು ಒದ್ದೆಯಾಗಿ, ಸಣ್ಣಗೆ ನೀರು ಜಿನುಗುತ್ತಿತ್ತು. ಅವರ ಮುಖ ಸಪ್ಪೆಯಾಯಿತು. ಅಲ್ಲೇ ನಿಂತು ಕೆರೆ ನೋಡಿಕೊಳ್ಳುವ ಎಂಜಿನಿಯರ್‌ಗೆ ಫೋನ್ ಮಾಡಿದರು.

ಎಂಜಿನಿಯರ್ ಕೇಳಿದ ಮೊದಲನೇ ಪ್ರಶ್ನೆ: “ಬರ್ತಿರೋ ನೀರು ತಿಳಿಯಾಗಿದೆಯಾ, ಕೆಂಪಗಿದೆಯಾ?”

“ತಿಳಿಯಾಗಿದೆ ಸಾರ್.”

“ತಿಳಿಯಾಗಿದ್ದರೆ ಇನ್ನೂ ಟೈಮ್ ಇದೆ. ಕೆಂಪಗೆ ಮಣ್ಣು ಬೆರೆತು ಬಂತು ಅಂದ್ರೆ ಒಳಗಿಂದ ಏರಿ ಕರಗ್ತಾ ಇದೆ ಅಂತ. ಆಗ ನನಗೆ ಫೋನ್ ಮಾಡ್ತಾ ಕೂರಬೇಡಿ, ಮೊದಲು ಮನೆ ಖಾಲಿ ಮಾಡಿಸಿ. ಆ ಮೂಟೆ ತೆಗೆಸಿ. ಒಂದೇ ಸಲ ಕಿತ್ತು ಹಾಕಬೇಡಿ, ಒಂದೊಂದೇ ಸಾಲು. ಕೆಳಗಿನ ಊರಿಗೆ ಹೇಳಿ ತೆಗೀರಿ.”

ಮಾವನಿಗೆ ಹೇಳಿದೆವು. ಅವರು ಬಂದು ಗೋಡೆ ನೋಡಿದರು. “ಇದು ಇಂದ್ರಾಣಿ ಬಚ್ಚಲು ನೀರು,” ಅಂದರು.

ನನ್ನ ಬಚ್ಚಲು ಇರುವುದು ಮನೆಯ ಇನ್ನೊಂದು ಕಡೆ. ಆ ನೀರು ಇಲ್ಲಿಗೆ ಬರಬೇಕು ಅಂದರೆ ನಡೆದುಕೊಂಡು ಬರಬೇಕು.

ಮರುದಿನ ಎಂಜಿನಿಯರ್ ಬಂದರು. ಜಿನುಗುವ ಜಾಗಕ್ಕೆ ಮರಳು, ಮೇಲೆ ಜಲ್ಲಿ ಹಾಕಿಸಿದರು. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಬರಬಾರದು, ಅದಕ್ಕೆ ಇದು ಅಂತ ವಿವರಿಸಿದರು. ಮೂಟೆ ತೆಗೆಯಿರಿ ಅಂದರು. ಮಾವ ಮತ್ತು ಜೊತೆಯವರು ಅವರೆದುರಿಗೇ ಮೇಲಿನ ಒಂದು ಸಾಲು ತೆಗೆದರು. ಎಂಜಿನಿಯರ್ ಸಂತೋಷವಾಗಿ ಹೊರಟರು. ಜೀಪು ಕ್ಯಾಸಂಬಳ್ಳಿ ರಸ್ತೆಗೆ ತಿರುಗಿದ್ದೇ ತಡ, ಆ ಮೂಟೆಗಳು ವಾಪಸ್ಸು ಕೋಡಿಗೆ ಬಂದು ಕೂತವು. ಅಷ್ಟೇ ಅಲ್ಲ, ಮುಂದಿನ ಮಳೆಗೆ ಇನ್ನೊಂದು ಸಾಲು ಬೇಕಾಗುತ್ತದೆ ಅಂತ ಹೊಸದಾಗಿ ಮೂಟೆ ತುಂಬಿಸಿ ನಮ್ಮ ಬೀದಿಯ ತಿರುವಿನಲ್ಲಿ ಒಟ್ಟಿದರು.

ಹೇಳಿ, ಇಂಥವರಿಗೆ ಏನು ಮಾಡುತ್ತೀರಿ? ಪೊಲೀಸರನ್ನು ಕೋಡಿಗೆ ಕಾವಲು ಹಾಕುತ್ತೀರಾ? ಮೇಲಿನಿಂದ ಒಬ್ಬರು ಬಂದು ಹೇಳಿ ಹೋದರೆ, ಅವರು ಇರುವ ತನಕ ಅಷ್ಟೇ. ಊರಿನವರೇ ಊರಿನವರಿಗೆ ಹೇಳಬೇಕು, ಎಲ್ಲರೂ ಎದುರಿಗಿರುವಾಗ ಹೇಳಬೇಕು. ಪ್ರೇರಣಾ ಮೇಡಮ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

“ಭಾನುವಾರ ಮಧ್ಯಾಹ್ನ ಬರ್ತೀನಿ. ಸಭೆ ಪಂಚಾಯ್ತಿ ಹತ್ತಿರ ಬೇಡ, ಏರಿ ಮೇಲೇ ಮಾಡೋಣ. ನೀವು ಜನ ಸೇರಿಸಿ.”

ಜನ ಸೇರಿಸಿದೆ. ಆಂಡರ್ಸನ್‌ಪೇಟೆಗೆ ಹೋಗಿ, ಮೀನಿನ ತಕ್ಕಡಿ ಮುಂದೆ ನಿಂತು, ಗಿರಾಕಿಗಳ ಎದುರೇ ಸುಧಾಕರನಿಗೆ ಹೇಳಿ ಬಂದೆ. ಬಂಡಪಲ್ಲಿ ಹಾಲಿನ ಡೇರಿಯ ಅಧ್ಯಕ್ಷೆ ಮುನಿನಾರಾಯಣಮ್ಮನಿಗೆ ಫೋನ್ ಮಾಡಿದೆ. ನರೇಶ್‌ಗೆ, ರೈಲಿನಲ್ಲಿ ಜೊತೆಗೆ ಕೂರುವವರಿಗೆಲ್ಲ ಹೇಳು ಅಂದೆ. “ವಾರಕ್ಕೊಂದೇ ರಜ ಕಣೆ,” ಅಂತ ಅವನು ಗೊಣಗಿದ. ಆ ಮಾತನ್ನು ಆ ವಾರ ನಾನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ.

ಭಾನುವಾರ ಎಲ್ಲರೂ ಬಂದರು, ಬಂದು ಜಗಳ ಆಡಿದರು.

“ಬಂಡಪಲ್ಲಿಯೋರನ್ನ ಯಾಕಮ್ಮ ಕರೆದೆ?” ಅಂತ ಮಾವ ಶುರು ಮಾಡಿದರು.

ಮುನಿನಾರಾಯಣಮ್ಮ ಬಿಟ್ಟಾರೆಯೇ. “ಏಮಣ್ಣ, ನಮ್ಮ ಕೆರೆ ಇನ್ನೂ ಅರ್ಧ ಆಗಿಲ್ಲ. ನೀವು ಇಲ್ಲಿ ಮುಳುಗೋಕೆ ರೆಡಿ, ನಮಗೆ ನೀರು ಬುಡಕ್ಕೆ ಮಾತ್ರ ರೆಡಿ ಇಲ್ಲ. ಈ ಏರಿ ಒಡೆದ್ರೆ ಮೊದಲು ನಿಮ್ಮ ಬೀದಿ, ಆಮೇಲೆ ನಮ್ಮ ಊರು. ನಮ್ಮೋರು ಯಾರಿಗೂ ಈ ಮೂಟೆ ವಿಷಯನೇ ಗೊತ್ತಿಲ್ಲ.”

ಸುಧಾಕರ್ ತನ್ನದನ್ನು ಹೇಳಿದ. “ಅಣ್ಣೇ, ಬಲೆ ತೆಗೆದ್ರೆ ಮೀನು ಪೂರಾ ಬಂಡಪಲ್ಲಿಗೆ ಪೋಯಿಡುಂ, ಹೋಗ್ಬಿಡ್ತದೆ. ನಾನು ಮರಿ ತಂದು ಬಿಟ್ಟಿದ್ದೀನಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರ?”

ಕೆರೆಯ ಒಳಗಂಚಿನಲ್ಲಿ ಹೊಲ ಇರುವವರು ತಮ್ಮ ರಾಗಿ ಮುಳುಗಿದೆ ಅಂತ ಕೂಗಿದರು. ಮೂಟೆಯಿಂದ ನೀರು ಹಿಂದಕ್ಕೆ ಏರಿ ಅವರ ಹೊಲಕ್ಕೆ ನುಗ್ಗಿದೆ ಅಂತ ಅಲ್ಲಿ ತನಕ ನನಗೂ ಗೊತ್ತಿರಲಿಲ್ಲ. ನೋಡಿ, ಒಂದು ಕೆರೆಯಲ್ಲಿ ಎಷ್ಟು ಜನರ ಬದುಕು ಸಿಕ್ಕಿಹಾಕಿಕೊಂಡಿರುತ್ತದೆ. ಇವರೆಲ್ಲ ಒಂದೇ ಜಾಗದಲ್ಲಿ ನಿಂತು ಮಾತಾಡಿದ್ದು ಅದೇ ಮೊದಲು.

ನರೇಶ್ ಅಪ್ಪನ ಎದುರು ಜಾಸ್ತಿ ಮಾತಾಡುವವನಲ್ಲ. ಅವತ್ತು ಮಾತಾಡಿದ. “ಅಪ್ಪ, ಇಲ್ಲಿ ಮಳೆ ಅಂದ್ರೆ ಅಲ್ಲಿ ನನಗೆ ಕೆಲಸ ಮಾಡಕ್ಕೆ ಕೈ ಓಡಲ್ಲ. ಫೋನು ಎತ್ತಲಿಲ್ಲ ಅಂದ್ರೆ ಪ್ರಾಣ ಓದಂಗಾಗ್ತದೆ. ನಿನಗದು ಗೊತ್ತಾ?”

“ಒಡೆಯಲ್ಲ ಕಣ್ಲಾ. ನಮ್ಮಪ್ಪನ ಕಾಲದಿಂದ ಒಡೆದಿಲ್ಲ ಈ ಏರಿ.”

“ಯಜಮಾನ್ರೇ,” ಅಂದರು ಮೇಡಂ, “ನಿಮ್ಮ ತಂದೆ ಕಾಲದ ಮಳೆ ಈಗ ಬೀಳ್ತಾ ಇದೆಯಾ? ಆಗ ಮಳೆಗಾಲ ಪೂರ್ತಿ ಬೀಳ್ತಿದ್ದದ್ದು ಈಗ ಒಂದೆರಡು ದಿನದಲ್ಲಿ ಬೀಳ್ತಿದೆ. ಹಾಗೆ ಬಂದ ನೀರಿಗೆ ಹೊರಗೆ ಹೋಗೋ ದಾರಿ ಬೇಕು. ಕೋಡಿ ಮಟ್ಟ ಅಂದ್ರೆ ಕೆರೆ ತುಂಬಿದ ಮಟ್ಟ. ಅದರ ಮೇಲೆ ನೀವು ನಿಲ್ಲಿಸೋ ನೀರು ಏರಿಗೆ ಹೊರೆ. ಅಷ್ಟು ಹೊರೋಕೆ ಅದನ್ನ ಕಟ್ಟಿಲ್ಲ.”

“ನೀವು ಬುದ್ಧಿ ಏಳ್ತೀರ, ಓಗ್ತೀರ. ಬೇಸಿಗೆಗೆ ನೀರು ನೀವು ಕೊಡ್ತೀರಾ?”

ಆ ಹುಡುಗಿಗೆ ತಾಳ್ಮೆ ಮುಗಿದಿರಬೇಕು. ನೀರಿನ ಬಾಟಲಿ ತೆಗೆದು ಗಟಗಟ ಕುಡಿದು, “ಆಯ್ತು,” ಅಂದರು. “ಏರಿ ಒಡೆಯಲ್ಲ ಅಂತಲೇ ಇಟ್ಕೊಳ್ಳೋಣ. ವಾದ ಬೇಡ. ಒಡೆದರೆ ಏನು ಮಾಡ್ತೀವಿ ಅಂತ ಒಂದು ಸಲ ಮಾಡಿ ನೋಡೋಣ. ಓಡೋಕೆ ಆಗದೇ ಇರೋರು ಕೆಳಗಿನ ಬೀದಿಯಲ್ಲಿ ಯಾರಿದ್ದಾರೆ?”

ಎಲ್ಲರೂ ಮಾವನ ಮುಖ ನೋಡಿದರು.

“ಅಮ್ಮಾಜಮ್ಮನವರನ್ನ ಶಾಲೆ ತನಕ ಕರ್ಕೊಂಡು ಹೋಗೋಣ. ಶಾಲೆ ದಿಬ್ಬದ ಮೇಲಿದೆ, ನೀರು ಅಲ್ಲಿಗೆ ಬರಲ್ಲ.”

“ಅಷ್ಟೇ ತಾನೇ?” ಅಂದರು ಮಾವ. “ಎಲೆ ಅಡಿಕೆ ಆಕ್ಕೊಳೋದ್ರೊಳಗೆ ಎತ್ಕೊಂಡು ಓಗ್ತೀವಿ.”

ದೊಡ್ಡತ್ತೆಯನ್ನು ಕೇಳಿದೆವು. ಅವರು ಮನೆಯಿಂದ ಹೊರಗೆ ಬಂದು ಎಷ್ಟೋ ಕಾಲವಾಗಿತ್ತು, ಸೀರೆ ಬದಲಾಯಿಸಬೇಕು ಅಂದರು. ಬದಲಾಯಿಸಿದೆವು. ನರೇಶ್, ಸುಧಾಕರ್, ಮಾವ, ರೈಲಿಗೆ ಹೋಗುವ ಇನ್ನೊಬ್ಬ, ನಾಲ್ಕು ಜನ ಮಂಚ ಎತ್ತಿದರು.

ಬಾಗಿಲಲ್ಲೇ ಮಂಚ ಸಿಕ್ಕಿಕೊಂಡಿತು. ದೊಡ್ಡತ್ತೆಯನ್ನು ಇಳಿಸಿ, ಮಂಚ ಓರೆ ಮಾಡಿ ಹೊರಗೆ ತಂದು, ಮತ್ತೆ ಅವರನ್ನು ಮಲಗಿಸುವಷ್ಟರಲ್ಲಿ ಎಲ್ಲರೂ ಬೆವೆತಿದ್ದರು. ಬೀದಿಗೆ ಬಂದರೆ ಸಾಲಾಗಿ ಬೈಕು. ಅವತ್ತು ಭಾನುವಾರ, ಎಲ್ಲರ ಬೈಕೂ ಮನೆ ಮುಂದೆ. ಒಂದೊಂದನ್ನೇ ಪಕ್ಕಕ್ಕೆ ದೂಡಿದೆವು. ಯಾರದೋ ಹ್ಯಾಂಡಲ್ ಲಾಕ್ ಆಗಿತ್ತು, ಕೀ ಹುಡುಕಿದ್ದೇ ಹುಡುಕಿದ್ದು. ಮಾವನಿಗೆ ಏದುಸಿರು. ಮಂಚದ ಅವರ ಮೂಲೆ ಕೆಳಕ್ಕೆ ಜಗ್ಗುತ್ತಿತ್ತು.

ಕಡೆಗೆ ಬೀದಿಯ ತಿರುವಿಗೆ ಬಂದೆವು. ಅಲ್ಲಿ ಮಂಚ ನಿಂತುಹೋಯಿತು. ಮುಂದಿನ ಸಾಲಿಗೆ ಅಂತ ತುಂಬಿಸಿ ಒಟ್ಟಿದ್ದ ಮೂಟೆಗಳು ಅರ್ಧ ದಾರಿ ತಿಂದಿದ್ದವು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಆಗಲಿಲ್ಲ.

“ಲೇ ಕೋದಂಡ, ಯಾಕ್ಲಾ ನಿಂತ್ಬುಟ್ಟೆ?” ಅಂದರು ದೊಡ್ಡತ್ತೆ, ಮಲಗಿದ ಕಡೆಯಿಂದಲೇ.

“ಮೂಟೆ ಅಡ್ಡ ಐತೆ ಅಕ್ಕ.”

“ಯಾರು ಇಟ್ಟಿದ್ದು?”

ಮಾವ ಮಂಚದ ಮೂಲೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಅಷ್ಟು ಹೊತ್ತು ಕಿರುಚಾಡಿದವರೆಲ್ಲ ಮೂಟೆಗಳನ್ನೇ ನೋಡುತ್ತಿದ್ದರು.

“ಈಗ ಮಳೆ ಇಲ್ಲ,” ಅಂದರು ದೊಡ್ಡತ್ತೆ. “ಬಿಸಿಲೈತೆ. ಎತ್ತಕ್ಕೆ ಗಂಡಸರು ಅವರೆ. ಅಂಗಿದ್ದೂ ನಿಮಗೆ ನನ್ನ ಬೀದಿ ದಾಟ್ಸಕ್ಕೆ ಆಗ್ಲಿಲ್ಲ. ನಾಳೆ ಇವರೆಲ್ಲಾ ರೈಲಿಗೆ ಓಗಿರ್ತಾರೆ. ನೀನೊಬ್ಬನೇ ಇರ್ತೀಯ. ಆಗ ನೀರು ಬಂದ್ರೆ ಏನ್ಲಾ ಮಾಡ್ತೀಯ?”

“ನಾನು ಎತ್ಕೊಂಡು ಓಗ್ತೀನಿ ಅಕ್ಕ.”

“ಸುಳ್ಳು ಏಳ್ಬೇಡ. ಮಂಚದ ಒಂದು ಮೂಲೆ ಇಡ್ಕೊಂಡೇ ನಿನಗೆ ಉಸಿರು ಕಟ್ತಾ ಐತೆ.” ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು. “ನಿನ್ನ ನೀರು ನೀನು ಇಟ್ಕೊ. ನನ್ನ ಮಾತ್ರ ಬಂಗಾರಪೇಟೆಗೆ ಮಗಳ ಮನೆಗೆ ಕಳ್ಸಿಬುಡು. ನಿನ್ನ ಕಾಫಿನೂ ಬೇಡ. ನೀನು ಕಟ್ಟಿರೋ ನೀರಿನ ಕೆಳಗೆ ನಾನು ಮಲಗಲ್ಲ.”

ಮಾವ ಮಂಚ ಇಳಿಸಿ ಎಂದರು. ಇಳಿಸಿದರು. ಅವರು ಮೂಟೆಗಳ ಮೇಲೆ ಕೂತು ಮುಖಕ್ಕೆ ಟವೆಲ್ ಹಿಡಿದುಕೊಂಡರು. ಅಳುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಇದೇ ಮಾತನ್ನು ಎಂಜಿನಿಯರ್ ಹೇಳಿದ್ದರು, ಮೇಡಂ ಹೇಳಿದ್ದರು, ನಾನು ಹೇಳಿ ಹೇಳಿ ಸೋತಿದ್ದೆ. ಅಕ್ಕ ಬೀದಿಯ ನಡುವೆ ಮಂಚದ ಮೇಲೆ ಮಲಗಿ ಹೇಳುವ ತನಕ ಅವರಿಗೆ ಕೇಳಿಸಲಿಲ್ಲ.

ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ತಿರುವಿನ ಮೂಟೆಗಳನ್ನು ತಾವೇ ಪಕ್ಕಕ್ಕೆ ಎಳೆಯಲು ಶುರು ಮಾಡಿದರು. ಎಲ್ಲರೂ ಕೈ ಹಾಕಿದರು. ದೊಡ್ಡತ್ತೆ ಶಾಲೆ ತಲುಪಿದರು, ತಲುಪಿದ ಕೂಡಲೇ ಬಿಸಿಲಿಗೆ ತಲೆನೋವು ಅಂತ ನಮ್ಮನ್ನೆಲ್ಲ ಬೈದರು.

ಅಲ್ಲಿಂದ ಮಾವ ಸೀದಾ ಕೋಡಿಗೆ ಹೋದರು. ಮುನಿನಾರಾಯಣಮ್ಮ ಬಂಡಪಲ್ಲಿಗೆ ಫೋನ್ ಮಾಡಿ, ಕಾಲುವೆಯಲ್ಲಿ ಯಾರೂ ಇಳಿಯಬೇಡಿ, ದನ ಬಿಡಬೇಡಿ, ನೀರು ಬರುತ್ತದೆ ಅಂತ ಹೇಳಿದರು. ಆಮೇಲೆ ಒಂದೊಂದೇ ಸಾಲು ಮೂಟೆ ತೆಗೆದೆವು. ಒಂದು ಸಾಲು ತೆಗೆದು, ನೀರು ಇಳಿಯುವ ತನಕ ಕಾದು, ಮತ್ತೊಂದು ಸಾಲು. ನಾಲ್ಕು ಊರಿನ ಮದುವೆಗೆ ಬಂದವರ ಹಾಗೆ ಜನ ಏರಿ ಮೇಲೆ ಕೂತು ನೋಡಿದರು. ಸುಧಾಕರ್ ಬಲೆ ಬಿಚ್ಚಿದ. ಕೋಡಿಯಿಂದ ದೂರಕ್ಕೆ, ಕೆರೆಯ ಒಳಗೆ, ದೊಡ್ಡ ಕಣ್ಣಿನ ಬಲೆ ಕಟ್ಟುವುದು, ಮೆತ್ತಿಕೊಂಡ ಜೊಂಡು ದಿನಾ ತೆಗೆಯುವುದು ಅಂತ ಒಪ್ಪಿಕೊಂಡ. ಸಣ್ಣ ಮೀನು ಬಂಡಪಲ್ಲಿಗೆ ಹೋದರೆ ಹೋಗಲಿ, ಮುಂದಿನ ಸಲ ಅಲ್ಲಿಯ ಕೆರೆಗೂ ಅವನನ್ನೇ ಕರೆಯೋಣ ಅಂದರು ಮುನಿನಾರಾಯಣಮ್ಮ.

ಹರಿದು ಹೋಗುವ ನೀರನ್ನೇ ನೋಡುತ್ತಾ ಮಾವ ನನ್ನ ಪಕ್ಕದಲ್ಲಿ ನಿಂತರು.

“ಒಟ್ಟೆ ಉರೀತದೆ ಕಣಮ್ಮ,” ಅಂದರು.

“ನನಗೂ ಉರೀತದೆ ಮಾವ.”

ನಿಜವಾಗಿಯೂ ಉರಿಯಿತು. ಆದರೆ ಕೋಡಿ ಮಟ್ಟಕ್ಕೆ ಕೆರೆ ತುಂಬಿಯೇ ಇತ್ತು. ಒಂದು ಚೊಂಬೂ ಕಮ್ಮಿ ಆಗಿರಲಿಲ್ಲ. ಅದನ್ನು ಅವರೂ ನೋಡಿದರು. ನೀರು ಜಾಸ್ತಿ ಬೇಕು ಅಂದರೆ ಏರಿಸಬೇಕಾದ್ದು ಕೋಡಿಯನ್ನಲ್ಲ, ತೆಗೆಯಬೇಕಾದ್ದು ಕೆರೆಯ ಹೂಳು. ಬೇಸಿಗೆಯಲ್ಲಿ ಹೂಳು ತೆಗೆಯುವ ಕೆಲಸಕ್ಕೆ ಎರಡೂ ಊರು ಸೇರಿ ಪಂಚಾಯ್ತಿಯಲ್ಲಿ ಕೇಳುವುದು ಅಂತ ಅಲ್ಲೇ ಮಾತಾಯಿತು. ನೀರಗಂಟಿ ಕೆಲಸ ಇನ್ನು ಮೇಲೆ ಬೀದಿಗೊಬ್ಬರಂತೆ ಸರದಿ. ಮಳೆ ಬಂದರೆ ಏರಿಯ ಬುಡ ನೋಡುವುದು ಕೆಳಗಿನ ಬೀದಿಯ ಹೆಂಗಸರು, ಯಾಕೆಂದರೆ ಹಗಲಲ್ಲಿ ಊರಲ್ಲಿರುವುದು ನಾವೇ. ಕೆರೆಯ ಸಭೆ ಭಾನುವಾರ ಬಿಟ್ಟು ಬೇರೆ ದಿನ ಇಲ್ಲ. ಮೇಡಮ್‌ಗೆ ಅದರ ಬದಲಿಗೆ ಸೋಮವಾರ ರಜೆ ಕೊಡಿ ಅಂತ ಅವರ ಆಫೀಸಿಗೆ ನಮ್ಮ ಸಂಘದಿಂದಲೇ ಕೇಳಿದ್ದೇವೆ.

ಆಮೇಲೆ ಜೋರು ಮಳೆ ಬಂತು, ಹಗಲೆಲ್ಲಾ ಸುರಿಯಿತು. ಕೋಡಿ ಭರ್ತಿ ಹರಿಯಿತು, ಬಂಡಪಲ್ಲಿ ಕೆರೆ ತುಂಬಿತು. ನಮ್ಮ ಏರಿಯ ಬುಡದಲ್ಲಿ ಜಿನುಗು ಕಮ್ಮಿಯಾಗಿ, ತಿಳಿಯಾಗಿಯೇ ಇತ್ತು. ಆದರೂ ಆ ಮಧ್ಯಾಹ್ನ ಮಾವ ಯಾರ ಮಾತಿಗೂ ಕಾಯದೆ ಅಕ್ಕನನ್ನು ಶಾಲೆಗೆ ಸಾಗಿಸಿದರು. ಬೀದಿ ಖಾಲಿ ಇತ್ತು. ಬಾಗಿಲ ಚೌಕಟ್ಟು ಅಗಲ ಮಾಡಿಸಿದ್ದರು. ನಾವು ಹೆಂಗಸರೇ ಮಂಚ ಹಿಡಿದೆವು. ಏನೂ ಆಗಲಿಲ್ಲ. ಸಂಜೆ ಮತ್ತೆ ಮನೆಗೆ ಕರೆದುಕೊಂಡು ಬಂದೆವು. ದೊಡ್ಡತ್ತೆ ಈಗಲೂ ಅದೇ ಗೋಡೆಯ ಪಕ್ಕ ಮಲಗುತ್ತಾರೆ, ತಮ್ಮನ ಕೈಯ ಕಾಫಿ ಕುಡಿಯುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಕೈ ಮುಗಿದು ಕೇಳುತ್ತೇನೆ. ಮಳೆ ಮೊದಲಿನ ಹಾಗಿಲ್ಲ, ಮುಂದೆಯೂ ಇರುವುದಿಲ್ಲ. ಯಾರೋ ಬಂದು ಊರು ಕಾಯುತ್ತಾರೆ ಅಂತ ಕೂರಬೇಡಿ. ನಿಮ್ಮ ಊರಿನಲ್ಲಿ ಕೆರೆ ಸಭೆ ನಡೆದರೆ, ಯಾರು ಬಂದಿದ್ದಾರೆ ಅಂತ ನೋಡುವುದಲ್ಲ, ಯಾರು ಬಂದಿಲ್ಲ ಅಂತ ನೋಡಿ. ಅವರಿಗೆ ಆಗುವ ಹೊತ್ತಿಗೆ ಮತ್ತೆ ಕರೆಯಿರಿ. ಕೆಳಗಿನ ಊರಿನವರನ್ನೂ ಕರೆಯಿರಿ, ಜಗಳ ಆದರೆ ಆಗಲಿ. ಕೋಡಿಗೆ ಮೂಟೆ ಇದ್ದರೆ, ಬಲೆ ಇದ್ದರೆ ತೆಗೆಯಿರಿ. ಏರಿಯ ಬುಡದಲ್ಲಿ ಕೆಂಪು ನೀರು ಕಂಡರೆ ಮಾತಿಗೆ ನಿಲ್ಲದೆ ಮನೆ ಬಿಡಿ.

ಇದೆಲ್ಲಾ ಆಮೇಲೆ ಮಾಡೋಣ ಅನ್ನಿಸಿದರೆ ಒಂದು ಕೆಲಸ ಮಾತ್ರ ಈ ಭಾನುವಾರವೇ ಮಾಡಿ. ನಿಮ್ಮ ಬೀದಿಯಲ್ಲಿ ಓಡಲಾರದವರು ಒಬ್ಬರು ಇದ್ದೇ ಇರುತ್ತಾರೆ. ಬಿಸಿಲಿರುವಾಗಲೇ, ಅವರನ್ನು ಒಂದು ಸಲ ಎತ್ತಿಕೊಂಡು ಎತ್ತರದ ಜಾಗಕ್ಕೆ ಹೋಗಿ ನೋಡಿ. ದಾರಿಗೆ ಏನು ಅಡ್ಡ ಬರುತ್ತದೋ ಅದನ್ನು ಅಲ್ಲಿ ಇಟ್ಟವರು ಬೇರೆ ಯಾರೂ ಅಲ್ಲ, ನಾವೇ.